ಮೂನ್‌ಲೈಟ್ ಸೊನಾಟಾದ ಮೊದಲ ಭಾಗ: ಎಷ್ಟು ವಿಲಂಬಿತ? ಸಾ ಕಾಳಿ ಒಂದರಾಗೇ ಇರಬೇಕಾ?

ವಿದ್ಯಾನಗರದ ಪೇಟಿ

ನಮಸ್ಕಾರ್ರೀ ಎಲ್ಲಾರಿಗೂ. ನಾನು ಸಣ್ಣಾಂವ ಇದ್ದಾಗಿಂದ ಪೇಟಿ (ಹಾರ್ಮೋನಿಯಂ) ಬಾರಿಸ್ತೀನಿ. ಮೊದಲ ಭಜನೀಗೆ, ಆಮ್ಯಾಲೆ ಖ್ಯಾಲ್ ಹಾಡೋರಿಗೆ ಸಾಥ್. ಈಗ ಕೀಬೋರ್ಡ್ ಮ್ಯಾಲೆ ಬೀಥೋವನ್‌ನ ಮೂನ್‌ಲೈಟ್ ಸೊನಾಟಾದ ಮೊದಲ ಭಾಗ ಕಲಿಲಿಕ್ಕತ್ತೀನಿ. ಧಾರವಾಡದಾಗ ಪರಿಚಯದವರ ಮನ್ಯಾಗ ಸಣ್ಣ ಬೈಠಕ್ ಅದ, ಹಾಡು ಮುಗಿದ ಮ್ಯಾಲೆ ಇದನ್ನ ಬಾರಿಸು ಅಂದಾರ. ಕೂತು ಕೇಳೋರು ಕಿವಿ ಇದ್ದ ಮಂದಿ, ಅದಕ್ಕ ಸರಿಯಾಗಿ ತಯಾರಾಗಬೇಕು.

ಮೂರು ಸಂಶಯ ಅವ. ಒಂದು, ಲಯ. ಒಬ್ಬರು ನಾಲ್ಕೂವರಿ ನಿಮಿಷದಾಗ ಮುಗಸ್ತಾರ, ಇನ್ನೊಬ್ಬರು ಏಳು ನಿಮಿಷ ತಗೋತಾರ. ಸ್ವರಲಿಪಿ ಮ್ಯಾಲೆ ಅದಾಜಿಯೊ ಸೊಸ್ತೆನೂತೊ (ನಿಧಾನ, ಸ್ವರ ಹಿಡದು) ಅಂತ ಅದ, ನಿಮಿಷಕ್ಕ ಎಷ್ಟು ಎಣಿಕಿ ಅನ್ನೂ ಮೆಟ್ರೊನೋಮ್ ಅಂಕಿ ಇಲ್ಲ. ಎರಡು, ಸಿ ಶಾರ್ಪ್ (ಪೇಟಿಯ ಕಾಳಿ ಒಂದು, ಅಂದ್ರ ಮೊದಲ ಕರಿ ಪಟ್ಟಿ) ಮೈನರ್ ಬದಲಿ ಎ ಮೈನರ್‌ದಾಗ ಬಾರಿಸಿದ್ರ ಬಿಳಿ ಪಟ್ಟಿ ಮ್ಯಾಲೇ ಹೋಗ್ತದ. ನಮ್ಮಲ್ಲಿ ಹಾಡೋರ ಪಟ್ಟಿಗೆ ತಕ್ಕಂಗ ಸಾ ಬದಲಸ್ತೀವಲ್ಲ, ಹಂಗ ಮಾಡಿದ್ರ ಏನರ ಕಳಕೋತೀವಾ? ಮೂರನೇದು, ಭಾವ. ಎಲ್ಲಾ ಕಡೆ ಬೆಳದಿಂಗಳು, ಪ್ರೇಮ ಅಂತ ಬರದಾರ. ನನಗ ಕೇಳಿದಾಗ ಹಂಗ ಅನಸೂದಿಲ್ಲ.

ಕೇಶ್ವಾಪುರದ ಟೀಚರ್

ನಾನು ಚರ್ಚ್‌ನಲ್ಲಿ ಆರ್ಗನ್ ನುಡಿಸ್ತೀನಿ, ಮನೆಯಲ್ಲಿ ಮಕ್ಕಳಿಗೆ ಪಿಯಾನೊ ಹೇಳಿಕೊಡ್ತೀನಿ. ಮೊದಲು ಲಯದ ಬಗ್ಗೆ ಬರೀತೀನಿ, ಯಾಕಂದ್ರೆ ಉಳಿದ ಎರಡೂ ಅದರ ಮೇಲೇ ನಿಂತಿವೆ.

ನಿಮ್ಮ ಪ್ರತಿಯಲ್ಲಿ ಮೊದಲ ಸಾಲಿನ ಆರಂಭದಲ್ಲಿ ಇಂಗ್ಲಿಷ್ ಸಿ ಅಕ್ಷರದ ಗುರುತು ಇದೆಯಲ್ಲ, ಅದರ ನಡುವೆ ನೆಟ್ಟಗೆ ಒಂದು ಗೆರೆ ಇದೆಯಾ ನೋಡಿ. ಅದು ಅಲ್ಲಾ ಬ್ರೇವೆ. ಬಾರ್‌ಗೆ ಎಣಿಕೆ ನಾಲ್ಕಲ್ಲ, ಎರಡು (ಬಾರ್ ಅಂದ್ರೆ ಲಿಪಿಯಲ್ಲಿ ಎರಡು ನೆಟ್ಟ ಗೆರೆಗಳ ನಡುವಿನ ಒಂದು ಮನೆ). ಕೆಲವು ಹಳೆಯ ಮುದ್ರಣಗಳಲ್ಲಿ, ಇಂಟರ್‌ನೆಟ್ಟಿನ ಸುಲಭ ಪ್ರತಿಗಳಲ್ಲಿ ಆ ಗೆರೆ ಬಿಟ್ಟುಹೋಗಿರುತ್ತೆ, ಅಲ್ಲಿಂದಲೇ ತೊಂದರೆ ಶುರು. ಅದಾಜಿಯೊ ಅನ್ನೋದು ಬಲಗೈಯ ಮೂರು ಮೂರು ಸ್ವರಗಳಿಗೆ ಅಂಟಿಸಿದ ಚೀಟಿ ಅಲ್ಲ. ಬಾರ್‌ಗೆ ಎರಡೇ ಸಲ ಬರುವ ಆ ದೊಡ್ಡ ಎಣಿಕೆ, ಅಂದ್ರೆ ಮಿನಿಮ್, ಅದು ನಿಧಾನ. ಎಡಗೈ ಸ್ವರ ಬದಲಾಗೋದೂ ಹೆಚ್ಚಾಗಿ ಆ ಎಣಿಕೆಯ ಮೇಲೇ.

ಬೀಥೋವನ್ ಇದನ್ನು ಬರೆದದ್ದು 1801ರಲ್ಲಿ, ಅಚ್ಚಾದದ್ದು 1802ರಲ್ಲಿ. ಮೇಲ್ಝೆಲ್ ಮೆಟ್ರೊನೋಮಿಗೆ ಪೇಟೆಂಟ್ ತಗೊಂಡದ್ದು 1815ರಲ್ಲಿ. ಹಾಗಾಗಿ ಅಂಕಿ ಹಾಕೋಕೆ ಸಾಧನವೇ ಇರಲಿಲ್ಲ. ಆಮೇಲೆ ಕೂಡ ತನ್ನ 32 ಪಿಯಾನೊ ಸೊನಾಟಾಗಳಲ್ಲಿ ಓಪಸ್ (ಕೃತಿಸಂಖ್ಯೆ) 106 ಒಂದಕ್ಕೇ ಆತ ಅಂಕಿ ಕೊಟ್ಟದ್ದು. ಆದರೆ ಆತನ ಶಿಷ್ಯ ಕಾರ್ಲ್ ಚೆರ್ನಿ ಈ ಭಾಗಕ್ಕೆ ಸೂಚಿಸಿದ್ದು ಕ್ರಾಚೆಟ್ (ಬಾರಿನ ನಾಲ್ಕರಲ್ಲೊಂದು ಪಾಲು) ನಿಮಿಷಕ್ಕೆ 54ರ ಆಸುಪಾಸು. ಲೆಕ್ಕ ಹಾಕಿ ನೋಡಿ: ಒಟ್ಟು 69 ಬಾರ್, ಬಾರ್‌ಗೆ 4 ಕ್ರಾಚೆಟ್, 276 ಆಯ್ತು. 54ರಲ್ಲಿ 5 ನಿಮಿಷಕ್ಕೆ ಸ್ವಲ್ಪ ಜಾಸ್ತಿ. 60ರಲ್ಲಿ ಸುಮಾರು 4 ನಿಮಿಷ 36 ಸೆಕೆಂಡ್. 40ಕ್ಕೆ ಇಳಿಸಿದರೆ ಏಳು ನಿಮಿಷದ ಹತ್ತಿರ. ನೀವು ಕೇಳಿದ ಎರಡೂ ತುದಿ ಈ ಲೆಕ್ಕದೊಳಗೇ ಇವೆ.

ತಿರಕಿಟ

ಟೀಚರ್ ಹೇಳಿದ್ದು ತಬಲಾದವನ ಕಿವಿಗೆ ಬರೋಬ್ಬರಿ ಕೂಡ್ತದ. 54ರಾಗ ಒಂದು ಕ್ರಾಚೆಟ್ 1.1 ಸೆಕೆಂಡ್, ಪೂರಾ ಬಾರ್ 4.4 ಸೆಕೆಂಡ್. ಕಿರಾಣಾ ಘರಾಣೆಯ ಗಾಯಕರು ಅತಿವಿಲಂಬಿತ ಏಕತಾಲ ಹಿಡದಾಗ ಒಂದು ಮಾತ್ರಾ ಹೆಚ್ಚುಕಡಿಮಿ ಅಷ್ಟೇ ಉದ್ದ ಇರ್ತದ, ನಾಲ್ಕು ಸೆಕೆಂಡ್, ಕೆಲವೊಮ್ಮೆ ಐದು. ಹನ್ನೆರಡು ಮಾತ್ರಾ ಸೇರಿ ಒಂದು ಆವರ್ತನ ಮುಗೀಲಿಕ್ಕೆ ಮುಕ್ಕಾಲು ನಿಮಿಷದ ಮ್ಯಾಲೆ ಬೇಕು. ಪ್ರತಿ ಮಾತ್ರಾನ್ನ ನಾವು ಒಳಗೊಳಗ ನಾಲ್ಕು ಪಾಲು ಮಾಡಿ ತುಂಬತೀವಿ. ಇಲ್ಲೂ ಬಾರ್ ಅಂದ್ರ ನಾಲ್ಕು ಪಾಲು, ಪ್ರತಿ ಪಾಲಿನಾಗ ಮೂರು ಸ್ವರ.

ಏಕತಾಲದ ಠೇಕಾದಾಗ (ತಬಲಾದ ಬೋಲಿನ ಸಾಲು) ‘ತಿರಕಿಟ’ ಬಂದಾಗ ಬೆರಳು ಜಲ್ದಿ ಓಡ್ತಾವ. ಅದನ್ನ ಕೇಳಿ ಯಾರೂ ಲಯ ದ್ರುತ ಆತು ಅನ್ನೂದಿಲ್ಲ. ಹಂಗ ಬಲಗೈ ಆ ಮೂರು ಮೂರು ಸ್ವರ ತುಂಬಣಿ. ತುಂಬಣೀನೇ ಎಳದು ಎಳದು ವಿಲಂಬಿತ ಮಾಡಿದ್ರ ಮಾತ್ರಾ ಕೈಗೆ ಸಿಗೂದಿಲ್ಲ, ಠೇಕಾ ಒಡದು ಹೋಗ್ತದ. ನೀವು ಸಾಥ್ ಮಾಡಿದವರು, ಈ ಮಾತು ನಿಮಗ ಹೇಳಬೇಕಾಗಿಲ್ಲ. ಪಿಯಾನೊಕ್ಕೂ ಅದೇ ಕಿವಿ ಹಚ್ಚರಿ.

ಗದಗಿನ ಹಿರಿಯ

ತಮ್ಮಾ, ನಾ ಪೇಟಿ ಹಿಡದು ಭಾಳ ವರ್ಷ ಆತು. ಪುಟ್ಟರಾಜ ಗವಾಯಿಗಳ ಪುಣ್ಯಾಶ್ರಮದ ಅಂಗಳದಾಗ ಕೂತು ಕೇಳಿ ಕಲತಂವ. ಈ ತುಣುಕು ಮಮ್ಮಗನ ಫೋನಿನಾಗ ಕೇಳಿದ್ಯಾ, ಪೇಟಿ ಮ್ಯಾಲೆ ಹುಡಿಕಿದ್ಯಾ. ಕಾಳಿ ಒಂದನ್ನ ಸಾ ಅಂತ ಹಿಡದ್ರ ಎಡಗೈ ಹಿಂಗ ಇಳಿತೈತಿ: ಸಾ, ಕೋಮಲ ನಿ, ಕೋಮಲ ಧ, ಮ, ಆಮ್ಯಾಲೆ ಪ. ಬಲಗೈ ಸುರುವಾಗೂದು ಮಂದ್ರದ ಪ, ಸಾ, ಕೋಮಲ ಗ. ಇಲ್ಲೀ ಮಟ ಆಸಾವರಿ ಥಾಟು (ಏಳು ಸ್ವರದ ಸಾಲು) ಅನ್ನಬೌದು. ಆದ್ರ ಮೂರನೇ ಬಾರಿನ ಎರಡನೇ ಅರ್ಧದಾಗ, ಎಡಗೈ ಮ ಮ್ಯಾಲೆ ಇಳದಾಗ, ಬಲಗೈಯಾಗ ಕೋಮಲ ರಿಷಭ ಬರತೈತಿ. ಎದ್ಯಾಗ ಒಮ್ಮೆ ಹಿಡಕೊಂಡಂಗಾಕೈತಿ. ರಿ, ಗ, ಧ, ನಿ ನಾಲ್ಕೂ ಕೋಮಲ, ಅಂದ್ರ ಭೈರವಿ. ನಮ್ಮಲ್ಲಿ ಮೆಹಫಿಲ್ ಕಡೀಕ ಹಾಡತಾರ, ಆ ಪುಣ್ಯಾತ್ಮ ಸುರುವಿಗೇ ಇಟ್ಟಾನ.

ಲಯದ ಮಾತಿಗೆ ನಂದೂ ಒಪ್ಪಿಗಿ ಐತಿ. ಬಂಡಿ ಗಾಲಿ ನಿಧಾನ ತಿರಗತಿರತೈತಿ, ಎತ್ತಿನ ಹೆಜ್ಜಿ ಸಣ್ಣ ಸಣ್ಣವು. ಹೆಜ್ಜಿ ನಿಂತ್ರ ಗಾಲೀನೂ ನಿಂದರತೈತಿ.

ಕೇಶ್ವಾಪುರದ ಟೀಚರ್

ಹಿರಿಯರೇ, ಆ ಕೋಮಲ ರಿಷಭ ನೀವು ಹುಡುಕಿದ್ದು ಕೇಳಿ ಬಹಳ ಸಂತೋಷ ಆಯ್ತು. ನಮ್ಮ ಕಡೆ ಅದನ್ನು ನಿಯಾಪಾಲಿಟನ್ ಕಾರ್ಡ್ (ಕಾರ್ಡ್ ಅಂದ್ರೆ ಕೂಡಿ ನುಡಿಯುವ ಸ್ವರಗಳ ಗುಂಪು) ಅಂತೀವಿ. ಸಿ ಶಾರ್ಪ್ ಮೈನರಿನೊಳಗೆ ಇಲ್ಲದ ಡಿ ಮೇಜರ್ ಅದು. ಮಕ್ಕಳಿಗೆ ಪಾಠ ಮಾಡುವಾಗ ಅಲ್ಲಿ ನಿಲ್ಲಿಸಿ, ಇನ್ನೊಮ್ಮೆ ಕೇಳಿಸ್ತೀನಿ.

ಆದರೆ ಭೈರವಿ ಅನ್ನೋದನ್ನು ನಾಲ್ಕನೇ ಬಾರ್ ದಾಟಿ ಒಯ್ಯೋದು ಕಷ್ಟ. ಅಲ್ಲೇ ಶುದ್ಧ ನಿಷಾದ ಬರುತ್ತೆ, ಬಿ ಶಾರ್ಪ್, ಪಂಚಮದ ಕಾರ್ಡಿನೊಳಗೆ. ಅದಕ್ಕಿಂತ ದೊಡ್ಡ ಮಾತು: ಇಲ್ಲಿ ಸಾ ಒಂದೇ ಕಡೆ ಕೂರೋದಿಲ್ಲ. ಒಂಬತ್ತನೇ ಬಾರಿಗೆ ಬನ್ನಿ, ಸಂಗೀತ ಇ ಮೇಜರಿಗೆ ಬಂದು ಇಳಿಯುತ್ತೆ. ನಿಮ್ಮ ಕೋಮಲ ಗಾಂಧಾರವೇ ಹೊಸ ಸಾ ಆಯ್ತು, ಎಲ್ಲಾ ಶುದ್ಧ ಸ್ವರದ ಬಿಲಾವಲದ ಬೆಳಕು ಬಂತು. ಮುಂದಿನ ಬಾರ್‌ನಲ್ಲೇ ಅದರ ಗಾಂಧಾರವನ್ನು ಕೋಮಲ ಮಾಡಿ ಇ ಮೈನರ್ ಮಾಡಿಬಿಡ್ತಾನೆ. ಬೆಳಕು ಒಂದು ಬಾರಿಗಿಂತ ಹೆಚ್ಚು ಉಳಿಯೋದಿಲ್ಲ. ನನ್ನ ಮಟ್ಟಿಗೆ ಇಡೀ ಭಾಗದ ಭಾವ ಈ ಎರಡು ಬಾರ್‌ಗಳಲ್ಲಿದೆ. ನಿಮಿಷಕ್ಕೆ 40ರ ಲಯದಲ್ಲಿ ನುಡಿಸಿದರೆ ಬೆಳಕು ಬಂದದ್ದು, ಹೋದದ್ದು ಎರಡು ಬೇರೆ ಬೇರೆ ಘಟನೆ ಆಗ್ತವೆ, ಕೇಳುಗನ ನೆನಪಿನಲ್ಲಿ ಅವು ಕೂಡೋದೇ ಇಲ್ಲ. 54ರಲ್ಲಿ ಅದು ಒಂದೇ ಉಸಿರು.

ಗದಗಿನ ಹಿರಿಯ

ಒಪ್ಪಿದ್ಯಾ ತಂಗಿ. ಮೂರ್ಛನಾ ಮಾಡಿದಂಗ ಆತು ಅದು, ಗ ದಿಂದ ಹಿಡದ್ರ ಬಿಲಾವಲ. ನಮ್ಮಲ್ಲಿ ಹಂಗ ಸಾ ಬದಲಿ ಮಾಡಿದ್ರೂ ತಂಬೂರಿ ಹಿಂದ ಹಳೇ ಸಾ ನುಡೀತಿರತೈತಿ, ಮನಿಗೆ ಹೊಳ್ಳಿ ಬರೂದು ಗೊತ್ತಿರತೈತಿ. ಇಲ್ಲಿ ತಂಬೂರೀನೇ ಎದ್ದು ಹೋತು. ಅದಕ್ಕ ಇಷ್ಟು ಒಂಟಿ ಕೇಳಸತೈತಿ ಅನಸತೈತಿ ನನಗ.

ತಿರಕಿಟ

ಕಾಕಾ, ನಡುವಿನ್ಯಾಗ ತಂಬೂರಿ ವಾಪಸ್ ಬರ್ತದ ನೋಡ್ರಿ. 28ನೇ ಬಾರಿನಿಂದ ಎಡಗೈ ಪಂಚಮ ಹಿಡದು ಭಾಳ ಹೊತ್ತು ಬಿಡೂದೇ ಇಲ್ಲ. ಅದರ ಮ್ಯಾಲೆ ಬಲಗೈ ಕೆಳಗಿಂದ ಮ್ಯಾಲೆ ಹತ್ತಿ ಹತ್ತಿ ಹುಡುಕಾಡ್ತದ. ಪ ಕೇಳ್ತದ, ಸಾ ಸಿಗೂದಿಲ್ಲ. ಸಾ ಸಿಗೂದು 42ನೇ ಬಾರಿನ ಹೊತ್ತಿಗೆ, ಮೊದಲಿನ ಹಾಡು ತಿರುಗಿ ಬಂದಾಗ. ಅದು ನನಗ ಸಮ್ (ಆವರ್ತನದ ಮೊದಲ ಮಾತ್ರಾ) ಮ್ಯಾಲೆ ಬಿದ್ದಂಗ.

ಸಪ್ತಾಪುರದ ವಿದ್ಯಾರ್ಥಿ

ಭೌತಶಾಸ್ತ್ರ ಓದ್ತಿದೀನಿ, ಧ್ವನಿವಿಜ್ಞಾನ ನನ್ನ ಇಷ್ಟದ ವಿಷಯ. ಎರಡನೇ ಪ್ರಶ್ನೆಗೆ ಬರ್ತೀನಿ.

ಇವತ್ತಿನ ಕೀಬೋರ್ಡಿನ ಶ್ರುತಿ ಸಮಪಾಲಿನದು, ಹನ್ನೆರಡೂ ಅಂತರ ಒಂದೇ. ಹಾಗಾಗಿ ಎ ಮೈನರ್ ಮತ್ತು ಸಿ ಶಾರ್ಪ್ ಮೈನರ್ ನಡುವೆ ಸ್ವರಗಳ ಪರಸ್ಪರ ಸಂಬಂಧದಲ್ಲಿ ಕೂದಲಷ್ಟೂ ವ್ಯತ್ಯಾಸ ಇಲ್ಲ. ಬೀಥೋವನ್ ಕಾಲದ ಪಿಯಾನೊಗಳನ್ನು ಸಾಮಾನ್ಯವಾಗಿ ಹಾಗೆ ಶ್ರುತಿ ಮಾಡ್ತಿರಲಿಲ್ಲ. ಕರಿ ಪಟ್ಟಿ ಹೆಚ್ಚಿದ್ದ ಸ್ವರಶ್ರೇಣಿಗಳು ಸ್ವಲ್ಪ ಬಿಗಿಯಾಗಿ, ಮೊನಚಾಗಿ ಕೇಳಿಸ್ತಿದ್ದವು. ಸಿ ಶಾರ್ಪಿನಿಂದ ಹಿಡಿದ ಕೋಮಲ ಗಾಂಧಾರ, ಎ ಇಂದ ಹಿಡಿದದ್ದಕ್ಕಿಂತ ಒಂದೆಳೆ ಕೆಳಗೆ ಕೂಡ್ತಿತ್ತು. ಒಟ್ಟು ಶ್ರುತಿಯೂ ಇವತ್ತಿನ 440ಕ್ಕಿಂತ (ಎ ಸ್ವರ ಸೆಕೆಂಡಿಗೆ ಕಂಪಿಸುವ ಸಂಖ್ಯೆ) ಕೆಳಗಿತ್ತು. ಆ ಕಾಲದಲ್ಲಿ ಒಂದೊಂದು ಸ್ವರಶ್ರೇಣಿಗೂ ಒಂದೊಂದು ಸ್ವಭಾವ ಹೇಳ್ತಿದ್ದದ್ದು ಬರೀ ಕಲ್ಪನೆ ಅಲ್ಲ, ಕಿವಿಗೆ ಆಧಾರ ಇತ್ತು. ಬೀಥೋವನ್ ಸಿ ಶಾರ್ಪ್ ಮೈನರನ್ನು ಬಳಸಿದ್ದು ಬಹಳ ಕಡಿಮೆ. ಇನ್ನೊಂದು ದೊಡ್ಡ ಉದಾಹರಣೆ ಅಂದ್ರೆ 1826ರ ಓಪಸ್ 131 ತಂತಿವಾದ್ಯ ಚತುಷ್ಟಯ. ಅದೂ ನಿಧಾನ ಭಾಗದಿಂದಲೇ ಶುರುವಾಗುತ್ತೆ.

ನಿಮ್ಮ ಕೀಬೋರ್ಡಿನಲ್ಲಿ ಆ ಶ್ರುತಿಭೇದ ಸಿಗೋದಿಲ್ಲ. ಹಾಗಿದ್ರೂ ಬದಲಿಸಬೇಡಿ ಅಂತೀನಿ, ಕಾರಣ ಮಂದ್ರ. ನಾಲ್ಕು ಪಟ್ಟಿ ಕೆಳಗಿಳಿಸಿದ್ರೆ ಎಡಗೈ ಬರೀ ಗುಂಯ್‌ಗುಡುತ್ತೆ. ಮೇಲಕ್ಕೆ ಎತ್ತಿದ್ರೆ ಹಗುರಾಗುತ್ತೆ, ಈ ಭಾಗದ ತೂಕವೇ ಹೋಗುತ್ತೆ. ಕೀಬೋರ್ಡಿಗೆ ಎಷ್ಟು ಪಟ್ಟಿ ಇವೆ?

ವಿದ್ಯಾನಗರದ ಪೇಟಿ

61 ಅವ.

ಸಪ್ತಾಪುರದ ವಿದ್ಯಾರ್ಥಿ

ಹಾಗಾದ್ರೆ ಎರಡನೇ ಬಾರ್‌ನಲ್ಲೇ ಜಾಗ ಮುಗಿಯುತ್ತೆ. ಎಡಗೈ ಶುರುವಾಗೋದು ಎರಡು ಸಿ ಶಾರ್ಪ್ ಜೋಡಿಯಿಂದ. ಕೆಳಗಿನದು ನಿಮ್ಮ ಕೀಬೋರ್ಡಿನ ಎಡತುದಿಯ ಎರಡನೇ ಪಟ್ಟಿ. ಮುಂದಿನ ಬಿ, ಎ, ಎಫ್ ಶಾರ್ಪ್, ಜಿ ಶಾರ್ಪ್ ಎಲ್ಲಾ ಅದಕ್ಕಿಂತ ಕೆಳಗೆ. ಬೀಥೋವನ್‌ನ ಆಗಿನ ಪಿಯಾನೊಗೂ ಐದೇ ಸಪ್ತಕ, ಅಂದ್ರೆ 61 ಪಟ್ಟಿಯೇ ಇದ್ದದ್ದು, ಆದರೆ ಅದು ಇನ್ನೂ ಕೆಳಗಿನ ಎಫ್‌ನಿಂದ ಶುರುವಾಗ್ತಿತ್ತು. ಮೂರನೇ ಬಾರ್‌ನಲ್ಲಿ ಆತ ಮುಟ್ಟುವ ಎಫ್ ಶಾರ್ಪ್ ಆ ವಾದ್ಯದ ಕೊನೆಯ ಪಟ್ಟಿಗೆ ಒಂದೇ ಹೆಜ್ಜೆ ಮೇಲೆ. ವಾದ್ಯದ ತಳವನ್ನೇ ತಟ್ಟಿ ನುಡಿಸಿದ ಸ್ವರ ಅದು. ಬೈಠಕ್ಕಿಗೆ 88 ಪಟ್ಟಿಯ ಡಿಜಿಟಲ್ ಪಿಯಾನೊ ಹೊಂದಿಸಿಕೊಳ್ಳಿ.

ಕೇಶ್ವಾಪುರದ ಟೀಚರ್

ನನ್ನ ಹತ್ರ ಇದೆ, ಸ್ಟ್ಯಾಂಡ್ ಸಮೇತ. ಕಾರಿನಲ್ಲಿ ಒಯ್ಯಬಹುದು. ಆ ದಿನ ಪ್ರಾರ್ಥನೆಕೂಟ ಇಲ್ಲದಿದ್ರೆ ಖಂಡಿತ ಕೊಡ್ತೀನಿ, ಒಳಪೆಟ್ಟಿಗೆಗೆ ಸಂದೇಶ ಹಾಕಿ.

ಎ ಮೈನರ್ ಬಗ್ಗೆ ನನ್ನದೂ ಒಂದು ಮಾತು. ಬಿಳಿ ಪಟ್ಟಿ ಸುಲಭ ಅನ್ನೋದು ಕಣ್ಣಿಗೆ ಮಾತ್ರ. ಉದ್ದ ಬೆರಳುಗಳು ಕರಿ ಪಟ್ಟಿ ಮೇಲೆ ಕೂತಾಗ ಕೈ ತಾನಾಗಿ ಸಡಿಲಾಗುತ್ತೆ. ಪೇಟಿಯಲ್ಲಿ ಕಾಳಿ ಒಂದರಿಂದ ಎಷ್ಟೋ ಜನರಿಗೆ ಸಾಥ್ ಕೊಟ್ಟಿರ್ತೀರಿ, ನಿಮ್ಮ ಬೆರಳಿಗೆ ಆ ಊರು ಹೊಸದಲ್ಲ.

ಹಾವೇರಿ ರಾತ್ರಿಪಾಳಿ

ನನಗ ಸ್ವರಲಿಪಿ ಓದಾಕ ಬರೂದಿಲ್ಲ. ನರ್ಸ್ ಅದೀನಿ, ರಾತ್ರಿ ಡ್ಯೂಟಿ ಮುಗಿಸಿ ಬಸ್ಸಿನ್ಯಾಗ ಬರುವಾಗ ಇದನ್ನ ಕೇಳತೀನಿ. ಅಣ್ಣಾರು ಕೇಳಿದ ಮೂರನೇ ಪ್ರಶ್ನೆಗೆ ನನ್ನ ಕಿವಿ ಹೇಳಿದ್ದು ಬರೀತೀನಿ.

ಇದು ಬೆಳದಿಂಗಳಲ್ಲ. ಯಾರೋ ಹೋಗ್ಯಾರ, ಅದರ ಮುಂದಿನ ಹೊತ್ತು ಇದು. ಅಳು ಜೋರ ಇರೂದು ಮೊದಲ. ಆಮ್ಯಾಲೆ ಒಂದು ತಾಸು ಬರತೈತಿ, ಮಂದಿ ಸುಮ್ಮನ ಕುಂತಿರತಾರ, ಯಾರರ ಒಬ್ಬರು ಒಂದೇ ಮಾತು ಮತ್ತ ಮತ್ತ ಅಂತಿರತಾರ. ಐದಾರು ಬಾರು ಆದ ಮ್ಯಾಲೆ ಮ್ಯಾಲಿನ ದನಿ ಸುರುವಾಕೈತಲ್ಲ, ಒಂದೇ ಸ್ವರ ಮೂರು ಸಲ, ಅದು ನನಗ ಆ ಮಾತಿನಂಗ ಕೇಳಸತೈತಿ.

ನಮ್ಮ ಕಡೆ ಸತ್ತವರ ಮನಿಮುಂದ ರಾತ್ರಿ ಪೂರಾ ಭಜನಿ ಕುಂದರತಾರ. ಆ ಭಜನಿ ಎಳದಾಡೂದಿಲ್ಲ. ತಾಳ ತನ್ನ ಪಾಡಿಗೆ ತಾ ನಡದಿರತೈತಿ, ದುಃಖ ಅದರ ಮ್ಯಾಲೆ ಕುಂತಿರತೈತಿ. ಲಯದ ಬಗ್ಗೆ ನೀವು ಮಾತಾಡೂದು ಓದಿ ಇದ ನೆನಪಾತು. ಬಾಳ ನಿಧಾನ ಬಾರಿಸಿದ್ದನ್ನೂ ಕೇಳೀನಿ. ಅದರಾಗ ದುಃಖ ತೋರಸಾಕ ಹತ್ಯಾರ ಅನಸತೈತಿ. ನಡಿಯೂ ಲಯದಾಗ ದುಃಖ ತಾನ ಐತಿ.

ಕೇಶ್ವಾಪುರದ ಟೀಚರ್

ಸಿಸ್ಟರ್, ಸ್ವರಲಿಪಿ ಓದದೇ ನೀವು ಬರೆದದ್ದಕ್ಕೆ ಸ್ವರಲಿಪಿಯಲ್ಲೇ ಆಧಾರ ಇದೆ. ಆ ಮೂರು ಸ್ವರ ಪಂಚಮ: ಮೊದಲನೇದು ಮುಕ್ಕಾಲು, ಎರಡನೇದು ಕಾಲು, ಮೂರನೇದು ಉದ್ದ. ಶವಯಾತ್ರೆಯ ನಡಿಗೆಗೆ ಯುರೋಪಿನಲ್ಲಿ ಬಳಸ್ತಿದ್ದದ್ದು ಇದೇ ಲಯದ ಮುದ್ರೆ. ಇದಕ್ಕೆ ಸ್ವಲ್ಪವೇ ಮೊದಲು ಬೀಥೋವನ್ ಬರೆದ ಓಪಸ್ 26 ಸೊನಾಟಾದಲ್ಲಿ ಒಂದು ಇಡೀ ಭಾಗವೇ ವೀರನೊಬ್ಬನ ಸಾವಿನ ನಡಿಗೆ, ಅಲ್ಲೂ ಇದೇ ಮುದ್ರೆ. ಇನ್ನೊಂದು: ಮೊಝಾರ್ಟ್‌ನ 1787ರ ಒಪೆರಾ ‘ಡಾನ್ ಜಿಯೊವಾನ್ನಿ’ಯ ಆರಂಭದಲ್ಲಿ ಒಬ್ಬ ಮುದುಕ ಕತ್ತಿವರಸೆಯಲ್ಲಿ ಬಿದ್ದು ಸಾಯ್ತಾನೆ. ಆಗ ವಾದ್ಯಗಳು ಹೀಗೇ ಮೂರು ಮೂರು ಸ್ವರ ಮೆಲ್ಲಗೆ ನುಡಿಸ್ತಿರ್ತವೆ. ಪಿಯಾನೊ ವಾದಕ ಎಡ್ವಿನ್ ಫಿಶರ್ ಈ ಹೋಲಿಕೆಯನ್ನು ಎತ್ತಿ ತೋರಿಸಿದ್ದ. ಕೂತು ಎರಡನ್ನೂ ಒಂದರ ಹಿಂದೆ ಒಂದು ಕೇಳಿ.

ಚೆರ್ನಿ ಕೂಡ ಇದನ್ನು ರಾತ್ರಿಯ ದೃಶ್ಯ ಅಂತಲೇ ಹೇಳಿದ್ದು, ಆದರೆ ದೂರದಿಂದ ಕೇಳುವ ಪ್ರೇತದ ಅಳಲಿನ ದನಿಯ ರಾತ್ರಿ. ಬೆಳದಿಂಗಳನ್ನು ಅಂಟಿಸಿದ್ದು ರೆಲ್‌ಸ್ಟಾಬ್ ಎಂಬ ವಿಮರ್ಶಕ, ಸ್ವಿಟ್ಜರ್ಲೆಂಡಿನ ಲೂಸರ್ನ್ ಸರೋವರಕ್ಕೆ ಹೋಲಿಸಿ. ಬೀಥೋವನ್ ಇಟ್ಟ ಹೆಸರು ಅಷ್ಟೇ: ಫ್ಯಾಂಟಸಿಯಂಥ ಸೊನಾಟಾ.

ಸಪ್ತಾಪುರದ ವಿದ್ಯಾರ್ಥಿ

ಪ್ರೇಮದ ಕತೆಗೂ ಸ್ವಲ್ಪ ನೆಲ ಇದೆ. ಇದನ್ನು ಅರ್ಪಿಸಿದ್ದು ಜೂಲಿಯೆಟ್ಟಾ ಗ್ವಿಚ್ಚಾರ್ದಿ ಎಂಬ ಶಿಷ್ಯೆಗೆ. ಆಕೆ 1803ರಲ್ಲಿ ಬೇರೊಬ್ಬನನ್ನು ಮದುವೆಯಾದಳು. ಆದರೆ 1801ರ ಜೂನ್‌ನಲ್ಲೇ ಬೀಥೋವನ್ ಗೆಳೆಯ ವೇಗೆಲರ್‌ಗೆ ತನ್ನ ಕಿವಿ ಕೇಳಿಸದಂತಾಗುತ್ತಿದೆ ಅಂತ ಪತ್ರ ಬರೆದಿದ್ದ. ಕಿವುಡಾಗ್ತಿರುವ ಸಂಗೀತಗಾರ ಬರೆದ, ಉದ್ದಕ್ಕೂ ಅತಿ ಮೆಲುದನಿಯ ಸಂಗೀತ ಇದು. ಒಂದು ಕಡೆಯೂ ಜೋರು ಅಂತ ಬರೆದಿಲ್ಲ.

ಜೋಗಿಕೊಳ್ಳ

ನಾನು ಒಪ್ಪೂದಿಲ್ಲ. ಎಲ್ಲಾರೂ 54, 54 ಅಂತ ಅಂಕಿ ಹಿಡದು ಕೂತೀರಿ. ಗಂಗೂಬಾಯಿ ಹಾನಗಲ್ಲರು ಷಡ್ಜದ ಮ್ಯಾಲೆ ನಿಂತ್ರ ಕಾಲಾನೇ ನಿಲ್ತಿತ್ತು. ವಿಲಂಬಿತದಾಗ ಇರೂ ಆಳ ಮಧ್ಯಲಯದಾಗ ಬರೂದಿಲ್ಲ. ಹುಬ್ಬಳ್ಳಿ ಮಣ್ಣಿನಾಗ ಹುಟ್ಟಿ ಜಲ್ದಿ ಬಾರಸ್ರಿ ಅಂತ ಹೆಂಗ ಹೇಳ್ತೀರಿ? ನಿಧಾನ ಬಾರಸೋ ದೊಡ್ಡ ದೊಡ್ಡ ಪಿಯಾನೊ ವಾದಕರು ಏನು ತಿಳೀದವರಾ?

ತಿರಕಿಟ

ಜಲ್ದಿ ಬಾರಸ್ರಿ ಅಂತ ಯಾರೂ ಅಂದಿಲ್ರೀ. ಅದಕ್ಕ ಎರಡು ಮಾತು ಹೇಳ್ತೀನಿ, ಶಾಂತವಾಗಿ ಓದ್ರಿ.

ಗಂಗೂಬಾಯಿಯವರ ಸ್ವರ ನಿಲ್ತಿತ್ತು, ಖರೆ. ಆದ್ರ ಕಂಠದ ಸ್ವರ ನಿಲ್ಲಿಸಬೌದು, ಬೆಳಸಬೌದು, ತಿರುಗಿಸಬೌದು. ಪೇಟಿಗೂ ಭಾತೆ ಅದ, ಗಾಳಿ ಹಾಕಿದಷ್ಟು ಹೊತ್ತು ನುಡೀತದ. ಪಿಯಾನೊ ಬಡದ ಗಳಿಗೆಯಿಂದಾನೇ ಸಾಯ್ತಾ ಹೋಗ್ತದ, ತಬಲಾದ ಗುಮಕಿನಂಗ. ಆರನೇ ಬಾರಿನ ಆ ಉದ್ದ ಪ ಮೂರು ಕ್ರಾಚೆಟ್ ತನಕ ಬದುಕಿರಬೇಕು, ಮುಂದಿನ ಪ ಬಂದಾಗ ಕೈ ಹಿಡಕೋಬೇಕು. ಭಾಳ ಎಳದ್ರ ನಡುವ ಸತ್ತಿರ್ತದ. ಆಗ ಹಾಡು ಉಳಿಯೂದಿಲ್ಲ, ಬಿಡಿ ಬಿಡಿ ಸ್ವರ ಉಳೀತಾವ.

ಎರಡನೇದು, ಆಳಕ್ಕ ಅತಿವಿಲಂಬಿತಾನೇ ಬೇಕು ಅಂದ್ರ ಮಲ್ಲಿಕಾರ್ಜುನ ಮನ್ಸೂರರನ್ನ ಎಲ್ಲಿ ಇಡ್ತೀರಿ? ಜೈಪುರ-ಅತ್ರೌಲಿ ಘರಾಣೆಯವರು, ಕಿರಾಣಾದಷ್ಟು ಎಳೀತಿದ್ದಿಲ್ಲ, ತೀನತಾಲದಾಗ ಲಯ ನಡೀತಾನೇ ಇರ್ತಿತ್ತು. ಅವರ ಹಾಡಿನ್ಯಾಗ ಆಳ ಇಲ್ಲ ಅಂತ ಧಾರವಾಡದಾಗ ನಿಂತು ಹೇಳೋ ಧೈರ್ಯ ಯಾರಿಗದ? ರೋಣದಾಗ ಹುಟ್ಟಿದ ಭೀಮಸೇನರ ವಿಲಂಬಿತಾನೂ ಆಳ, ಮನ್ಸೂರರ ಮಧ್ಯಲಯಾನೂ ಆಳ. ಬಂದಿಶ್ ಯಾವ ಲಯ ಬೇಡ್ತದ, ಅದು ಮುಖ್ಯ.

ಕೇಶ್ವಾಪುರದ ಟೀಚರ್

ಜೋಗಿಕೊಳ್ಳದವರೇ, ನಿಧಾನ ನುಡಿಸುವ ವಾದಕರಿಗೂ ಕಾರಣ ಇದೆ, ಅದನ್ನು ಗೌರವದಿಂದಲೇ ಹೇಳಬೇಕು. ಇಂದಿನ ದೊಡ್ಡ ಪಿಯಾನೊದಲ್ಲಿ ಸ್ವರ ಹೆಚ್ಚು ಹೊತ್ತು ಬದುಕುತ್ತೆ. 1801ರ ವಿಯೆನ್ನಾ ಪಿಯಾನೊದಲ್ಲಿ ಬೇಗ ಆರಿಹೋಗ್ತಿತ್ತು. ಆದ್ದರಿಂದ ಇಂದಿನ ವಾದ್ಯದಲ್ಲಿ ಸ್ವಲ್ಪ ಇಳಿಸಿದರೂ ಎಳೆ ಕಡಿಯೋದಿಲ್ಲ. 48, 50 ನನಗೂ ಹಿತ. 40 ಅಂದ್ರೆ ಎರಡರ ಎಣಿಕೆ ಪೂರ್ತಿ ಕಳೆದುಹೋಗುತ್ತೆ.

ಪೆಡಲಿಗೂ ಇದಕ್ಕೂ ನಂಟಿದೆ. ತಂತಿಗಳ ಮೇಲಿನ ಒತ್ತುಗಳನ್ನು ಎತ್ತಿಯೇ ಇಟ್ಟು ಇಡೀ ಭಾಗವನ್ನು ಬಹಳ ನಾಜೂಕಾಗಿ ನುಡಿಸಬೇಕು ಅಂತ ಬೀಥೋವನ್ ಸೂಚನೆ ಬರೆದಿದ್ದಾನೆ. ಆಗ ಕಾಲಪೆಡಲ್ ಬದಲು ಮೊಣಕಾಲಿನಿಂದ ಎತ್ತುವ ಸನ್ನೆ ಇರ್ತಿತ್ತು. ಆ ಪಿಯಾನೊದಲ್ಲಿ ಹಳೆಯ ಸ್ವರ ಬೇಗ ಕರಗಿ ಹೊಸದಕ್ಕೆ ಜಾಗ ಬಿಡ್ತಿತ್ತು. ಇಂದಿನದರಲ್ಲಿ ಹಾಗೇ ಒತ್ತಿ ಹಿಡಿದರೆ ಎಲ್ಲಾ ಕಲಸಿಹೋಗುತ್ತೆ. ಆಂದ್ರಾಸ್ ಶಿಫ್ ಅಂಥವರು ಪೆಡಲ್ ಬಿಡದೇ ನುಡಿಸಿ ತೋರಿಸಿದ್ದಾರೆ, ಅದಕ್ಕೆ ಲಯ ಓಡ್ತಿರಬೇಕು, ಬೆರಳು ಗರಿಯಷ್ಟು ಹಗುರ ಇರಬೇಕು. ನಮ್ಮಂಥವರಿಗೆ ಎಡಗೈ ಸ್ವರ ಬದಲಾದಾಗಲೆಲ್ಲಾ ಪೆಡಲನ್ನು ಅರ್ಧ ಎತ್ತಿ ಮತ್ತೆ ಒತ್ತೋದು ಒಳ್ಳೆಯದು. ಅಗ್ಗದ ಚೌಕಾಕಾರದ ಪೆಡಲ್‌ಗಳು ಬರೀ ಹಾಕು-ತೆಗೆ ಸ್ವಿಚ್, ಅವಕ್ಕೆ ಅರ್ಧ ಅನ್ನೋದು ತಿಳಿಯೋದಿಲ್ಲ. ನನ್ನ ವಾದ್ಯದ ಪೆಡಲಿಗೆ ತಿಳಿಯುತ್ತೆ.

ವಿದ್ಯಾನಗರದ ಪೇಟಿ

ಎಲ್ಲಾ ಓದಿದೆ, ಮೆಟ್ರೊನೋಮ್ 54ಕ್ಕ ಇಟ್ಟು ಕೂತೆ. ಒಂದು ತೊಡಕು. ಮ್ಯಾಲಿನ ಹಾಡಿನ ಕಾಲುಸ್ವರ, ಬಲಗೈಯ ಮೂರನೇ ಸ್ವರ, ಎರಡೂ ಕೂಡಿ ಬೀಳ್ತಾವ. ಕೆಲವರು ಕೂಡಿಸಿಯೇ ಬಾರಸ್ತಾರ. ಬ್ಯಾರೆ ಬ್ಯಾರೆ ಬೀಳಬೇಕಾ?

ತಿರಕಿಟ

ಬ್ಯಾರೆ ಬೀಳಬೇಕು, ಇದು ನನ್ನ ಇಷ್ಟದ ಜಾಗ. ಒಂದು ಕ್ರಾಚೆಟ್‌ನ ಹನ್ನೆರಡು ಪಾಲು ಮಾಡ್ರಿ. ಮೂರರ ಲೆಕ್ಕದ ಸ್ವರ ಬೀಳೂದು ಸೊನ್ನೆ, 4, 8ರ ಮ್ಯಾಲೆ. ಹಾಡಿನ ಸ್ವರ ಮುಕ್ಕಾಲು-ಕಾಲು, ಅಂದ್ರ ಕಾಲುಸ್ವರ 9ರ ಮ್ಯಾಲೆ. ಎರಡರ ನಡುವ ಹನ್ನೆರಡರಾಗ ಒಂದೇ ಪಾಲು. 54ರ ಲಯದಾಗ ಅದು ಸೆಕೆಂಡಿನ ಹತ್ತರಾಗ ಒಂದು ಪಾಲಿನಷ್ಟೂ ಇಲ್ಲ. ತಿಸ್ರದ (ಮೂರರ ನಡೆ) ಮ್ಯಾಲೆ ಚತುಸ್ರ (ನಾಲ್ಕರ ನಡೆ) ಕೂಡಿಸಿದಂಗ.

ಎಣಿಸಿ ಬಾರಸಲಿಕ್ಕೆ ಹೋಗಬ್ಯಾಡ್ರಿ, ಬರೂದಿಲ್ಲ. ಮೊದಲ ಎಡಗೈ ಮತ್ತ ಹಾಡು, ಎರಡೇ ಬಾರಸ್ರಿ. ಹಾಡಿನ ಕಾಲುಸ್ವರ ಮುಂದಿನ ಉದ್ದ ಸ್ವರಕ್ಕ ಅಂಟಿಕೊಂಡಿರಲಿ, ಹಿಂದಿನದಕ್ಕಲ್ಲ. ಅದು ಕಿವ್ಯಾಗ ಕೂತ ಮ್ಯಾಲೆ ಮೂರು ಸ್ವರದ ತುಂಬಣಿ ಸೇರಸ್ರಿ. ಆ ಕಾಲುಸ್ವರ ತಾನೇ ಸ್ವಲ್ಪ ತಡಾಗಿ ಬರ್ತದ. ಕೂಡಿಸಿ ಬಿಟ್ರ ಹಾಡು ತುಂಬಣೀಗೆ ಅಂಟಿಕೊಂಡುಬಿಡ್ತದ. ಹಾವೇರಿ ಸಿಸ್ಟರ್ ಹೇಳಿದ ಆ ಒಂದೇ ಮಾತು ಮತ್ತ ಮತ್ತ ಅನ್ನೂ ದನಿ, ಅದು ಬ್ಯಾರೆ ಮನಷ್ಯಾರ ದನಿ ಆಗಿ ಕೇಳಬೇಕು.

ಕೇಶ್ವಾಪುರದ ಟೀಚರ್

ಕೈಯ ಲೆಕ್ಕ ಕೂಡ ಹೇಳ್ತೀನಿ. ಹಾಡಿನ ಪ ಕಿರುಬೆರಳಿಗೆ. ತೋಳಿನ ತೂಕವನ್ನು ಆ ಬೆರಳಿನ ಕಡೆ ಸ್ವಲ್ಪ ವಾಲಿಸಿ, ಉಳಿದ ಬೆರಳು ಪಟ್ಟಿ ಬಿಟ್ಟು ಮೇಲೇಳೋದೇ ಬೇಡ. ಪೇಟಿ ನುಡಿಸಿದವರಿಗೆ ಬೆರಳ ಬಲದಿಂದ ದನಿ ಏರಿಳಿಸೋ ಅಭ್ಯಾಸ ಇರೋದಿಲ್ಲ, ಅಲ್ಲಿ ಆ ಕೆಲಸ ಭಾತೆಯದು. ನಿಮಗೆ ಹೆಚ್ಚು ಹೊತ್ತು ಬೇಕಾಗೋದು ಇದಕ್ಕೇ. ದಿನಾ ಆರನೇ ಬಾರಿನಿಂದ ಒಂಬತ್ತರವರೆಗೆ ಮಾತ್ರ ತಗೊಳ್ಳಿ, ಹಾಡು ಪಕ್ಕದ ಕೋಣೆಗೆ ಕೇಳಬೇಕು, ತುಂಬಣಿ ಈ ಕೋಣೆಯಲ್ಲೇ ಉಳೀಬೇಕು.

60ನೇ ಬಾರ್ ಬಂದಾಗ ಎಚ್ಚರ. ಅಲ್ಲಿ ಆ ಪ ಪ ಪ ಎಡಗೈಗೆ ಇಳಿಯುತ್ತೆ, ಮಂದ್ರದಲ್ಲಿ. ಜೋರು ಮಾಡಬೇಡಿ, ಆದರೆ ಕೇಳಿಸದೇ ಹೋಗಬಾರದು.

ಜೋಗಿಕೊಳ್ಳ

ತಿರಕಿಟ ಅವರ ಪಿಯಾನೊ ಸ್ವರ ಸಾಯೋ ಮಾತು ವಿಚಾರ ಮಾಡಬೇಕಾದ್ದು. ನಾನು ಕೇಳಿದ್ದೆಲ್ಲಾ ದೊಡ್ಡ ಗ್ರ್ಯಾಂಡ್ ಪಿಯಾನೊ ರೆಕಾರ್ಡಿಂಗ್. ಆದ್ರೂ 54 ನನ್ನ ಕಿವಿಗೆ ಅವಸರನೇ. 48ಕ್ಕ ಬಂದ್ರ ನಾನು ಬೈಠಕ್ಕಿಗೆ ಬರ್ತೀನಿ.

ವಿದ್ಯಾನಗರದ ಪೇಟಿ

50ಕ್ಕ ಹಿಡೀತೀನ್ರಿ, ಬರ್ರಿ ನೀವು. ಟೀಚರ್, ಕಡೀದೊಂದು. ಕೊನೀಗೆ ಎರಡು ಕಾರ್ಡ್ ಆದ ಮ್ಯಾಲೆ ಕೈ ಎತ್ತಿ ನಮಸ್ಕಾರ ಮಾಡಲೋ, ಎರಡನೇ ಭಾಗಾನೂ ಬಾರಸಬೇಕೋ?

ಕೇಶ್ವಾಪುರದ ಟೀಚರ್

ತಡಮಾಡದೆ ಮುಂದಿನದಕ್ಕೆ ಹೋಗಬೇಕು ಅಂತ ಬೀಥೋವನ್ ಅಲ್ಲೇ ಬರೆದಿದ್ದಾನೆ. ಎರಡನೇ ಭಾಗ ಡಿ ಫ್ಲಾಟ್ ಮೇಜರ್, ಅಂದ್ರೆ ಅದೇ ಕಾಳಿ ಒಂದು, ಗಾಂಧಾರ ಶುದ್ಧ ಆಯ್ತು. ಒಂಬತ್ತನೇ ಬಾರ್‌ನಲ್ಲಿ ಬೆಳಕು ಬೇರೆ ಸಾ ಮೇಲೆ ಬಂದು ಹೋಗಿತ್ತು. ಇಲ್ಲಿ ಅದೇ ಸಾ ಮೇಲೆ ಬರುತ್ತೆ. ನಡುವೆ ಚಪ್ಪಾಳೆ ಬಿದ್ದರೆ ಆ ನಂಟು ಕಿವಿಗೆ ಸಿಗೋದಿಲ್ಲ, ಹಾಗಾಗಿ ಕೈ ಪಟ್ಟಿ ಮೇಲೇ ಇರಲಿ. ಬೈಠಕ್ಕಿಗೆ ಇನ್ನೂ ಸಮಯ ಇದ್ದರೆ ಎರಡನೇದನ್ನೂ ಕಲೀರಿ, ಎರಡು ನಿಮಿಷದ ಆಸುಪಾಸಿನದು, ಮೂರರ ಎಣಿಕೆ. ಮೂರನೇ ಭಾಗಕ್ಕೆ ಈಗಲೇ ಕೈ ಹಾಕಬೇಡಿ. ಶನಿವಾರ ಸಂಜೆ ವಾದ್ಯ ಒಯ್ಯೋಕೆ ಬಂದಾಗ ಆರರಿಂದ ಒಂಬತ್ತನೇ ಬಾರ್ ನುಡಿಸಿ ತೋರಿಸಿ.